‘ಅರಿ’ ಎಂದರೆ ಅಕ್ಕಿಯೇ ಅಲ್ಲವೇ?

ಓದುಗರ ಪ್ರಶ್ನೆ: ಪದಬಂಧದಲ್ಲಿ ‘ಹಗೆ’ ಎಂಬ ಸುಳಿವಿಗೂ ಉತ್ತರ ‘ಅರಿ’, ‘ತಿಳಿದುಕೊ’ ಎಂಬುದಕ್ಕೂ ‘ಅರಿ’. ನಮ್ಮ ಕಾಸರಗೋಡಿನಲ್ಲಿ ಅರಿ ಅಂದರೆ ಅಕ್ಕಿ. ಕನ್ನಡ ಪದಬಂಧದೊಳಗೆ ಈ ಮಲಯಾಳ ಶಬ್ದ ತುರುಕುವುದು ಯಾಕೆ?

ಯಾರೂ ತುರುಕಿಲ್ಲ. ಕುಂಬಳೆಯವರೂ ಕೇಳಿಯಾಯಿತು, ಬದಿಯಡ್ಕದವರೂ ಕೇಳಿಯಾಯಿತು; ಈ ಸಲ ಬುಡದಿಂದಲೇ ಬಿಡಿಸಿಬಿಡೋಣ.

ಮೊದಲು ಪೆನ್ಸಿಲು ಹಿಡಿದು ಕೂತವರಿಗೆ ಬೇಕಾದಷ್ಟು. ಸುಳಿವು ನಾಮಪದವಾಗಿದ್ದರೆ, ಅಂದರೆ ಹಗೆ, ವಿರೋಧಿ ಎಂದೇನಾದರೂ ಇದ್ದರೆ, ಅದು ಸಂಸ್ಕೃತದ ಅರಿ. ಮುರನ ಅರಿ ಮುರಾರಿ, ತ್ರಿಪುರದ ಅರಿ ತ್ರಿಪುರಾರಿ. ‘ಗ್ರಹಿಸು’, ‘ತಿಳಿದುಕೊ’ ಎಂದು ಕ್ರಿಯಾಪದ ಕೊಟ್ಟಿದ್ದರೆ ಅರಿವು, ಅರಿಕೆಗಳ ಮೂಲವಾದ ಕನ್ನಡದ ಅರಿ. ‘ಕತ್ತರಿಸು’ ಎಂದಿದ್ದರೆ ಇನ್ನೊಂದು ಕನ್ನಡದ ಅರಿ. ಹಳೆಯ ಕಾವ್ಯಗಳ ಯುದ್ಧದಲ್ಲಿ ತಲೆ ಅರಿಯುತ್ತಾರಲ್ಲ, ಅದು. ತೀರಾ ಅಪರೂಪಕ್ಕೆ ‘ಚಕ್ರ’ ಎಂಬ ಸುಳಿವಿಗೂ ಅರಿ ಬರಬಹುದು: ಅರ ಎಂದರೆ ಚಕ್ರದ ಕಡ್ಡಿ, ಅರಗಳಿರುವುದು ಅರಿ.

ಎಡವುವುದು ‘ಹಗೆ’ಯಲ್ಲಿ. ವೈರಿ, ರಿಪು, ಶತ್ರು, ದ್ವೇಷಿ ಎಲ್ಲವೂ ಎರಡೇ ಮನೆಯವು. ಎರಡನೆಯ ಮನೆಯಲ್ಲಿ ‘ರಿ’ ಸಿಕ್ಕಿತೆಂದು ಹಿಗ್ಗಬೇಡಿ, ವೈರಿಯ ಬಾಲದಲ್ಲೂ ಅದೇ ‘ರಿ’ ಇದೆ. ಮೊದಲ ಮನೆಯನ್ನು ಹಾದುಹೋಗುವ ಇನ್ನೊಂದು ಪದ ಬಿಡಿಸುವ ತನಕ ಶಾಯಿಯಲ್ಲಿ ಬರೆಯಬಾರದು. ಸುಳಿವು ಬರಿಯ ‘ತಿಳಿ’ ಎಂದಿದ್ದರೆ ಇನ್ನೂ ಜಾಗ್ರತೆ: ಅದು ಗ್ರಹಿಸುವ ತಿಳಿಯೋ, ನೀರಿನ ತಿಳಿಯೋ, ಹೇಳಲಾಗದು.

ಈಗ ಅಕ್ಕಿಯ ವಿಷಯ. ಮಲಯಾಳದಲ್ಲಿ ಅರಿ ಅಕ್ಕಿಯೇ. ತುಳುವಿನಲ್ಲೂ ಅರಿ, ತಮಿಳಿನಲ್ಲಿ ಅರಿಸಿ. ಕನ್ನಡದ ಅಕ್ಕಿಯೂ ಅದೇ ಕುಲದ್ದು, ಆದರೆ ರೂಪ ಬೇರೆಯಾಯಿತು. ಹಾಗಾಗಿ ಕನ್ನಡ ಪದಬಂಧದಲ್ಲಿ ‘ಅಕ್ಕಿ’ ಎಂಬ ಸುಳಿವಿಗೆ ‘ಅರಿ’ ಬರೆದರೆ ತಪ್ಪು. ಮೂರು ಮನೆಯಿದ್ದರೆ ‘ತಂಡುಲ’ ಇರಬಹುದು. ‘ತುಳುವರ ಅಕ್ಕಿ’ ಎಂದು ಸುಳಿವಿನಲ್ಲೇ ಹೇಳಿದ್ದರೆ ಆ ಮಾತು ಬೇರೆ.

‘ಆಯಿತು, ತಿಳಿಯುವ ಅರಿಯಾದರೂ ಮಲಯಾಳದ್ದಲ್ಲವೇ? ಅವರೂ ‘ಗೊತ್ತೇ’ ಎನ್ನಲು ಅರಿಯಾಮೋ ಎನ್ನುತ್ತಾರಲ್ಲ’ ಎಂದು ಮುಂದಿನ ಪಟ್ಟು. ಶರಣರ ‘ಅರಿವು’ ಸಾಲ ತಂದದ್ದೇ ಹಾಗಾದರೆ? 9ನೇ ಶತಮಾನದ ಕವಿರಾಜಮಾರ್ಗದಲ್ಲೇ ‘ಅಱಿವಾತನ್’, ಅಂದರೆ ತಿಳಿದವನು, ಎಂಬ ರೂಪ ಇದೆ. ಅಜ್ಜನ ಜಾಗ ಇಬ್ಬರು ಮೊಮ್ಮಕ್ಕಳಿಗೂ ಪಾಲಿಗೆ ಬಂದರೆ ಒಬ್ಬ ಇನ್ನೊಬ್ಬನದ್ದನ್ನು ಕದ್ದ ಎನ್ನುತ್ತೇವೆಯೇ?

ಆ ‘ಱ’ವನ್ನು ಗಮನಿಸಿದಿರಾ? ಗಂಟು ಇರುವುದೇ ಅಲ್ಲಿ. ಹಳಗನ್ನಡದಲ್ಲಿ ತಿಳಿಯುವುದು ಅಱಿ, ಕತ್ತರಿಸುವುದು ಅರಿ. ಶಕಟರೇಫ ಎಂದು ಕರೆಯುವ ಈ ಗಡಸು ಱ ನಡುಗನ್ನಡದಲ್ಲಿ ರಕಾರದೊಳಗೆ ಕರಗಿಹೋಯಿತು. ಮಲಯಾಳ ಅದನ್ನು ಬಿಡಲಿಲ್ಲ. ಸಾಕ್ಷಿಗೆ ನಿಘಂಟು ಬೇಡ, ಪೇಟೆಗೆ ಹೋದರೆ ಸಾಕು. ರೇಶನ್ ಅಂಗಡಿಯ ಬೋರ್ಡಿನಲ್ಲಿ ‘ಅರಿ’ ಎಂದು ಬರೆದಿರುತ್ತದೆ. ಕಚೇರಿಯ ಗೋಡೆಗೆ ಅಂಟಿಸಿದ ಪ್ರಕಟಣೆಯ ತಲೆಯ ಮೇಲೆ ‘ಅಱಿಯಿಪ್ಪ್’ ಎಂದಿರುತ್ತದೆ. ಎರಡರಲ್ಲೂ ಎರಡನೆಯ ಅಕ್ಷರ ನೋಡಿ. ಪ್ರಕಟಣೆಯದ್ದು ಬರಿಯ ಕಮಾನಿನ ಹಾಗಿದೆ, ಅಕ್ಕಿಯದ್ದು ಹಾಗಿಲ್ಲ. ಚುನಾವಣೆ ಹೊತ್ತಿಗೆ ಗೋಡೆಯಲ್ಲಿ ಕಾಣುವ ‘ಅರಿವಾಳ್’, ಅಂದರೆ ಪೈರು ಕೊಯ್ಯುವ ಕತ್ತಿ, ಅಕ್ಕಿಯ ಅಕ್ಷರದಲ್ಲೇ ಇದೆ; ಅದು ಕತ್ತರಿಸುವ ಅರಿ. ಅಂದರೆ ನಿಮ್ಮ ಅಕ್ಕಿಯ ಅರಿಗೂ ಪದಬಂಧದ ‘ತಿಳಿ’ಗೂ ಮಲಯಾಳದಲ್ಲೇ ನಂಟಿಲ್ಲ. ಕನ್ನಡದವರ ಕಣ್ಣಿಗೆ ಒಂದಾಗಿ ಕಾಣುವುದು ನಮ್ಮ ಒಂದು ಅಕ್ಷರ ಹೋದದ್ದರಿಂದ.

ಇದೇ ಸಾಲಿಗೆ ಇನ್ನೊಂದು: ಅರಿಷಡ್ವರ್ಗ ಎಂದರೆ ‘ಅರಿಯಬೇಕಾದ ಆರು’ ಎಂಬ ವ್ಯಾಖ್ಯಾನ. ಕೇಳಲು ಚಂದ, ಆದರೆ ತಪ್ಪು. ಕಾಮಕ್ರೋಧಾದಿಗಳು ಅಲ್ಲಿ ಹಗೆಗಳು, ಅಷ್ಟೆ. ಬರೆಯುವಾಗ ಐದು ಮನೆ: ಅ, ರಿ, ಷ, ಡ್ವ, ರ್ಗ. ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲ, ಸೊನ್ನೆಗೂ ಇಲ್ಲ. ‘ಅರಿಂದಮ’ ನಾಲ್ಕೇ ಮನೆ.

ಯಾರೂ ಕೇಳದಿದ್ದರೂ ಹೇಳುತ್ತೇನೆ, ಱ ಹೋದದ್ದರಿಂದ ಕಲಸಿಹೋದದ್ದು ಅರಿ ಒಂದೇ ಅಲ್ಲ. ‘ಯಾರು’ ಎಂಬ ಅರ್ಥದ ಆರು, ಎಣಿಕೆಯ ಆಱು ಎರಡೂ ಇಂದು ‘ಆರು’. ‘ಕರೆ’ಯಂತೂ ಪದಬಂಧ ಮಾಡುವವರ ಮುದ್ದಿನ ಕೂಸು. ಹೊಳೆಯ ಕರೆ, ಹೆಸರು ಹಿಡಿದು ಕರೆ ಇವು ರಕಾರದವು. ಹಾಲು ಕಱೆ, ಬಟ್ಟೆಗೆ ಹತ್ತಿದ ಕಱೆ ಶಕಟರೇಫದವು. ‘ದಡ’, ‘ಕೂಗು’, ‘ಕಲೆ’ ಈ ಮೂರರಲ್ಲಿ ಯಾವ ಸುಳಿವು ಕೊಟ್ಟು ಎರಡು ಮನೆ ಬಿಟ್ಟಿದ್ದರೂ ‘ಕರೆ’ಯನ್ನೊಮ್ಮೆ ಪೆನ್ಸಿಲಿನಲ್ಲಿ ಹಾಕಿ ನೋಡಿ.