ದಾವೆ ಯಾವ ಕೋರ್ಟಿನಲ್ಲಿ? ವಾದಪತ್ರವನ್ನು ಕೊನೆಯಿಂದ ಓದಿ

ದಾವೆ ಎಲ್ಲಿ ಹೂಡಬೇಕೆಂದು ಹೇಳುವ, ಸಿ.ಪಿ.ಸಿ.ಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 15ರಿಂದ 20ರವರೆಗಿನ ಕಲಮುಗಳನ್ನು ನಾನು ಮೊದಲು ಬಾಯಿಪಾಠ ಮಾಡಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ‘ಜಮೀನು’ ಎಂಬ ಪದ ಕಂಡ ಕೂಡಲೇ ‘16ನೇ ಕಲಮು’ ಎಂದು ಬರೆದೆ. ಅಂಕ ಹೋಯಿತು. ಕತೆಯಲ್ಲಿ ಜಮೀನು ಬಂದ ಮಾತ್ರಕ್ಕೆ ಅದು ಜಮೀನಿನ ದಾವೆ ಆಗುವುದಿಲ್ಲ, ವಾದಿ ಕೊನೆಗೆ ಏನು ಕೊಡಿಸಿ ಎಂದು ಕೇಳುತ್ತಾನೆ ಎಂಬುದನ್ನು ನೋಡಬೇಕು ಎಂದು ಹೊಳೆದದ್ದು ಆಮೇಲೆ. ಅಂದಿನಿಂದ ಯಾವ ವಾದಪತ್ರ (ವಾದಿ ದಾವೆ ಹೂಡುವ ಅರ್ಜಿ) ಕೈಗೆ ಬಂದರೂ ಮೊದಲು ಕೊನೆಯ ಪುಟದ ಪ್ರಾರ್ಥನೆ, ಅಂದರೆ ವಾದಿ ಕೇಳಿದ ಪರಿಹಾರ, ಓದುತ್ತೇನೆ.

ಒಂದೇ ಕತೆ ಇಟ್ಟುಕೊಳ್ಳೋಣ. ತಿಪಟೂರು ತಾಲ್ಲೂಕಿನಲ್ಲಿ ಜಮೀನು. ಮಾರುವವರು ಮೈಸೂರಿನಲ್ಲಿದ್ದಾರೆ. ಕ್ರಯದ ಕರಾರು ಬರೆದು ಮುಂಗಡ ಕೊಟ್ಟದ್ದು ಬೆಂಗಳೂರಿನಲ್ಲಿ. ಮಾರುವವರು ಈಗ ಕೈಯೆತ್ತಿದ್ದಾರೆ. ಕೊಳ್ಳುವವನು ಎಲ್ಲಿಗೆ ಹೋಗಬೇಕು?

‘ಕ್ರಯಪತ್ರ ಬರೆಸಿಕೊಟ್ಟು ಸ್ವಾಧೀನ ಬಿಡಿಸಿಕೊಡಿ’ ಎಂದು ಕೇಳಿದರೆ ತಿಪಟೂರು. ಸ್ಥಿರಾಸ್ತಿಯನ್ನು ವಾಪಸು ಪಡೆಯುವುದು, ಪಾಲು ಮಾಡಿಸುವುದು, ಅಡಮಾನ ಬಿಡಿಸುವುದು, ಅದರ ಮೇಲಿನ ಹಕ್ಕನ್ನು ತೀರ್ಮಾನಿಸುವುದು, ಇವೆಲ್ಲ ಆಸ್ತಿ ಇರುವ ಕಡೆಯೇ ಆಗಬೇಕೆಂದು 16ನೇ ಕಲಮು ಹೇಳುತ್ತದೆ. ‘ಮುಂಗಡ ವಾಪಸು ಕೊಡಿಸಿ, ಸಾಕು’ ಎಂದರೆ ಅದು ಬರೀ ಹಣದ ದಾವೆ. ಆಗ 20ನೇ ಕಲಮಿನ ಪ್ರಕಾರ ಪ್ರತಿವಾದಿ ಇರುವ ಮೈಸೂರೂ ಆದೀತು, ಕರಾರು ಹುಟ್ಟಿದ ಬೆಂಗಳೂರೂ ಆದೀತು. ಆದರೆ ಅದೇ ಪ್ರಾರ್ಥನೆಗೆ ‘ಆ ಮುಂಗಡಕ್ಕೆ ಜಮೀನಿನ ಮೇಲಿರುವ ಚಾರ್ಜ್ ಜಾರಿ ಮಾಡಿ’ (ಮುಂಗಡಕ್ಕೆ ಜಮೀನೇ ಹೊಣೆ ಎಂಬ ಹಕ್ಕೇ ಚಾರ್ಜ್) ಎಂಬ ಒಂದು ಸಾಲು ಸೇರಿಸಿ ನೋಡಿ. ದಾವೆ ಮತ್ತೆ 16ಕ್ಕೆ, ಅಂದರೆ ತಿಪಟೂರಿಗೆ, ಜಿಗಿಯುತ್ತದೆ. ಈ ವ್ಯತ್ಯಾಸ ನೋಡದೆಯೇ ನಾನು ಅಂಕ ಕಳೆದುಕೊಂಡದ್ದು.

ಇಲ್ಲಿ ಎಡವಿದರೆ ಎಷ್ಟು ದುಬಾರಿ ಎಂಬುದಕ್ಕೆ ಹರ್ಷದ್ ಚಿಮನ್‌ಲಾಲ್ ಮೋದಿ ವಿರುದ್ಧ ಡಿ.ಎಲ್.ಎಫ್. ಯೂನಿವರ್ಸಲ್ ಪ್ರಕರಣ ಓದಿ. ನಿವೇಶನ ಇದ್ದದ್ದು ಗುರ್‌ಗಾಂವ್‌ನಲ್ಲಿ, ದಾವೆ ಹೂಡಿದ್ದು 1988ರಲ್ಲಿ ದೆಹಲಿಯಲ್ಲಿ. ವ್ಯಾಜ್ಯ ಬಂದರೆ ದೆಹಲಿ ಕೋರ್ಟು ಎಂದು ಕರಾರಿನಲ್ಲೇ ಬರೆದಿತ್ತು. ಆದರೂ ಕರಾರು-ಪಾಲನೆಯ, ಅಂದರೆ ಕರಾರಿನಂತೆ ಮಾಡಿಕೊಡಿ ಎಂಬ ಕೋರಿಕೆಯ, ಜೊತೆ ಸ್ವಾಧೀನವನ್ನೂ ಕೇಳಿದ್ದರಿಂದ ದೆಹಲಿ ಕೋರ್ಟಿಗೆ ಅಧಿಕಾರವೇ ಇಲ್ಲ, ಉಭಯ ಪಕ್ಷಗಳ ಒಪ್ಪಿಗೆಯಿಂದಲೂ ಅದು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಹದಿನೇಳು ವರ್ಷ ಕಳೆದ ಮೇಲೆ!

16ಕ್ಕೆ ಒಂದು ಸಣ್ಣ ಕಿಂಡಿ ಇದೆ. ಆಸ್ತಿ ಪ್ರತಿವಾದಿಯ ಕೈಯಲ್ಲಿದ್ದು, ಕೇಳಿದ ಪರಿಹಾರವು ಅವನೊಬ್ಬ ಆದೇಶ ಪಾಲಿಸಿದರೆ ಪೂರ್ತಿಯಾಗಿ ಸಿಗುವಂಥದ್ದಾದರೆ, ಅವನು ವಾಸಿಸುವ ಊರಿನಲ್ಲೂ ಹೂಡಬಹುದು. ‘ಪೂರ್ತಿಯಾಗಿ’ ಎಂಬ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಸ್ವಾಧೀನ ಕೊಡಿಸಲು ಕೋರ್ಟಿನ ಅಮೀನ ಸ್ಥಳಕ್ಕೆ ಹೋಗಬೇಕಾಗಬಹುದಾದರೆ ಆ ಕಿಂಡಿ ಮುಚ್ಚಿದಂತೆ.

20ನೇ ಕಲಮಿನಲ್ಲಿ ಎಲ್ಲರನ್ನೂ ಕಾಡುವುದು ಕಂಪನಿಗಳ ವಿಷಯ. ಪಟೇಲ್ ರೋಡ್‌ವೇಸ್ ಪ್ರಕರಣದಲ್ಲಿ ತಮಿಳುನಾಡಿನ ಬೋಡಿನಾಯಕನೂರಿನ ಶಾಖೆಯಲ್ಲಿ ಏಲಕ್ಕಿ ಮೂಟೆ ಒಪ್ಪಿಸಿದ್ದರು, ಸರಕು ಬೆಂಕಿಗೆ ಹೋಯಿತು. ನಮ್ಮ ಮುಖ್ಯ ಕಚೇರಿ ಬೊಂಬಾಯಿ, ಕರಾರಿನಲ್ಲೂ ಬೊಂಬಾಯಿ ಕೋರ್ಟೇ ಎಂದಿದೆ ಎಂದು ಸಾಗಣೆ ಕಂಪನಿ ವಾದಿಸಿತು. ದಾವಾಕಾರಣ (ದಾವೆಗೆ ಕಾರಣವಾದ ಸಂಗತಿ) ಹುಟ್ಟಿದ ಕಡೆ ಕಂಪನಿಯ ಶಾಖೆಯೂ ಇದ್ದರೆ ದಾವೆಗೆ ಅದೇ ಜಾಗ. ದಾವಾಕಾರಣವೇ ಹುಟ್ಟದ ಬೊಂಬಾಯಿಗೆ ಕರಾರಿನ ಬಲದಿಂದ ಅಧಿಕಾರ ಬಾರದು ಎಂದಿತು ಸುಪ್ರೀಂ ಕೋರ್ಟ್, 1991ರಲ್ಲಿ. ಕರಾರಿನ ಇಂಥ ಷರತ್ತು ನಡೆಯುವುದು ಅಧಿಕಾರವಿರುವ ಎರಡು ಮೂರು ಕೋರ್ಟುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಮಾತ್ರ. ಇನ್ನು ವ್ಯಕ್ತಿಗೆ ಅಥವಾ ಚರಾಸ್ತಿಗೆ ಆದ ಹಾನಿಗೆ 19ನೇ ಕಲಮು: ಹಾನಿಯಾದ ಊರು ಅಥವಾ ಪ್ರತಿವಾದಿಯ ಊರು, ಆಯ್ಕೆ ವಾದಿಯದು. ಅದರಲ್ಲಿ ಗೋಜಲಿಲ್ಲ.

ಊರು ಸಿಕ್ಕಿತು. ಆ ಊರಿನ ಯಾವ ಕೋರ್ಟು?

15ನೇ ಕಲಮಿನಂತೆ, ಆ ದಾವೆ ನಡೆಸಲು ಅಧಿಕಾರವಿರುವ ಕೋರ್ಟುಗಳಲ್ಲಿ ಅತ್ಯಂತ ಕೆಳಗಿನದು. ನಮ್ಮಲ್ಲಿ 1964ರ ಕರ್ನಾಟಕ ಸಿವಿಲ್ ನ್ಯಾಯಾಲಯಗಳ ಕಾಯ್ದೆಯಂತೆ ಸಿವಿಲ್ ಜಡ್ಜ್ ಅವರಿಗೆ ಹಣದ ಮಿತಿ ಉಂಟು, ಸೀನಿಯರ್ ಸಿವಿಲ್ ಜಡ್ಜ್ ಅವರಿಗೆ ಇಲ್ಲ. ಮಿತಿಯ ಮೊತ್ತ ತಿದ್ದುಪಡಿಯಿಂದ ಬದಲಾಗುವಂಥದ್ದು, ಹಾಗಾಗಿ ಹಳೆಯ ಗೈಡಿನ ಅಂಕಿ ನಂಬಬೇಡಿ. ಹಳೆಯ ತೀರ್ಪು ಓದುವಾಗ ಇನ್ನೊಂದು ಎಚ್ಚರ: ಅಲ್ಲಿಯ ‘ಮುನ್ಸಿಫ್’ ಅಂದರೆ ಇಂದಿನ ಸಿವಿಲ್ ಜಡ್ಜ್, ಅಲ್ಲಿಯ ‘ಸಿವಿಲ್ ಜಡ್ಜ್’ ಅಂದರೆ ಇಂದಿನ ಸೀನಿಯರ್ ಸಿವಿಲ್ ಜಡ್ಜ್. ನಾನು ಒಂದು ಇಡೀ ತೀರ್ಪನ್ನು ತಲೆಕೆಳಗಾಗಿ ಅರ್ಥ ಮಾಡಿಕೊಂಡದ್ದು ಇದರಿಂದಲೇ. ಬೆಂಗಳೂರು ನಗರದಲ್ಲಿ ಈ ಎರಡು ಹಂತವೇ ಇಲ್ಲ. ಸ್ಮಾಲ್ ಕಾಸಸ್ (ಸಣ್ಣ ದಾವೆಗಳ) ಕೋರ್ಟಿಗೆ ಸೇರುವವನ್ನು ಬಿಟ್ಟು ಸಾಮಾನ್ಯ ದಾವೆಗಳು, ಬೆಲೆ ಎಷ್ಟೇ ಇರಲಿ, ಸಿಟಿ ಸಿವಿಲ್ ಕೋರ್ಟಿಗೆ ಹೋಗುತ್ತವೆ.

ಬೆಲೆ ಅಂದರೆ ಪೇಟೆಯ ಬೆಲೆ ಎಂದುಕೊಂಡರೆ ಕೆಟ್ಟೆವು. ಅದನ್ನು ಕಟ್ಟುವುದು 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯನಿರ್ಣಯ ಕಾಯ್ದೆ, ಅಲ್ಲೂ ಪ್ರಾರ್ಥನೆಯದೇ ಕಾರುಬಾರು. ನಮ್ಮ ತಿಪಟೂರು ಜಮೀನಿಗೆ 40 ಲಕ್ಷಕ್ಕೆ ಕರಾರಾಗಿದೆ ಎನ್ನಿ. ಕರಾರು-ಪಾಲನೆ ಕೇಳಿದರೆ ಈ ಕಾಯ್ದೆಯ 40ನೇ ಕಲಮಿನಂತೆ ಕ್ರಯದ ಮೊತ್ತವೇ ಬೆಲೆ, ದಾವೆ ಸೀನಿಯರ್ ಸಿವಿಲ್ ಜಡ್ಜ್ ಮುಂದೆ. ಅದೇ ಜಮೀನನ್ನು ಬೇರೆ ಯಾರೋ ಒತ್ತುವರಿ ಮಾಡಿ, ಮಾಲೀಕರು ಸ್ವಾಧೀನ ಕೇಳಿದರೋ, ಕಂದಾಯ ಕಟ್ಟುವ ಕೃಷಿ ಜಮೀನಿಗೆ 7ನೇ ಕಲಮಿನ ಪ್ರಕಾರ ಕಂದಾಯದ 25 ಪಟ್ಟು ಬೆಲೆ. ಎಕರೆಗೆ ಒಂದಿಷ್ಟು ರೂಪಾಯಿ ಕಂದಾಯ ಇರುವ ನಾಡಿನಲ್ಲಿ ಅದು ಎಷ್ಟಾದೀತು? 29ನೇ ಕಲಮು ಕನಿಷ್ಠ 1,000 ರೂಪಾಯಿ ಎಂದು ಗೆರೆ ಎಳೆದಿದೆ. ಹೀಗಾಗಿ 40 ಲಕ್ಷದ ಜಮೀನಿನ ದಾವೆ ಸಿವಿಲ್ ಜಡ್ಜ್ ಮುಂದೆ ಬರುವುದು ವಿಚಿತ್ರವೇನಲ್ಲ. ಭೂಪರಿವರ್ತನೆಯಾದ ಜಮೀನಿಗೆ ಈ 25 ಪಟ್ಟಿನ ಲೆಕ್ಕ ನಡೆಯದು.

ಕೆಲವು ದಾವೆಗಳಿಗೆ ಸಿವಿಲ್ ಕೋರ್ಟಿನ ಬಾಗಿಲೇ ಬೇರೆ ಅಥವಾ ಇಲ್ಲವೇ ಇಲ್ಲ. ಗಂಡ ಹೆಂಡಿರ ವ್ಯಾಜ್ಯ ಕೌಟುಂಬಿಕ ನ್ಯಾಯಾಲಯಕ್ಕೆ. ಗೇಣಿದಾರನೋ ಅಲ್ಲವೋ ಎಂಬ ಪ್ರಶ್ನೆ ಭೂಸುಧಾರಣಾ ಕಾಯ್ದೆಯಡಿ ಭೂನ್ಯಾಯಮಂಡಳಿಯದು. ವ್ಯಾಪಾರಿಗಳ ನಡುವಿನ ವಾಣಿಜ್ಯ ವ್ಯಾಜ್ಯದ ಮೊತ್ತ 3 ಲಕ್ಷ ಮುಟ್ಟಿದರೆ ವಾಣಿಜ್ಯ ನ್ಯಾಯಾಲಯಕ್ಕೆ. 2018ರ ತಿದ್ದುಪಡಿಗೆ ಮುಂಚೆ ಅದು 1 ಕೋಟಿ ಇತ್ತು. ತುರ್ತು ಪರಿಹಾರ ಕೇಳದಿದ್ದರೆ ಅಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು.

ತಪ್ಪು ಕೋರ್ಟಿಗೆ ಹೋದರೆ? ದಾವೆ ವಜಾ ಆಗುತ್ತದೆ ಎಂದು ಬರೆಯಬೇಡಿ. ಆದೇಶ 7, ನಿಯಮ 10ರಂತೆ ವಾದಪತ್ರವನ್ನು ಸರಿಯಾದ ಕೋರ್ಟಿಗೆ ಸಲ್ಲಿಸಲು ಹಿಂದಿರುಗಿಸುತ್ತಾರೆ. ಇದನ್ನು ನಿಯಮ 11ರ ತಿರಸ್ಕಾರದೊಂದಿಗೆ ಕಲಸಿಕೊಳ್ಳುವವರೇ ಹೆಚ್ಚು. ತಪ್ಪು ಕೋರ್ಟಿನಲ್ಲಿ ಕಳೆದ ಕಾಲವನ್ನು ಲಿಮಿಟೇಷನ್ (ದಾವೆಯ ಕಾಲಮಿತಿ) ಕಾಯ್ದೆಯ 14ನೇ ಕಲಮಿನಡಿ ಬಿಡಿಸಿಕೊಳ್ಳಬಹುದು, ಸದ್ಭಾವನೆಯಿಂದಲೂ ಶ್ರದ್ಧೆಯಿಂದಲೂ ನಡೆಸಿದ್ದರೆ ಮಾತ್ರ. ಪ್ರತಿವಾದಿ ಸುಮ್ಮನಿದ್ದು ಸೋತ ಮೇಲೆ ‘ಊರು ತಪ್ಪು’ ಎಂದರೆ ಸಿ.ಪಿ.ಸಿ.ಯ 21ನೇ ಕಲಮು ಕೇಳುವುದಿಲ್ಲ. ಮೊದಲ ಅವಕಾಶದಲ್ಲೇ, ವಿವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು) ರಚಿಸುವ ಹೊತ್ತಿಗೇ ಆಕ್ಷೇಪಿಸಿರಬೇಕು, ಅನ್ಯಾಯವೂ ಆಗಿರಬೇಕು.

ಒಂದು ಲೆಕ್ಕ ಬಿಡಿಸಿ. ಅಪ್ಪ ತೀರಿಹೋಗಿದ್ದಾರೆ. ಒಂದು ಹೊಲ ಹಾವೇರಿಯಲ್ಲಿ, ಇನ್ನೊಂದು ರಾಣೆಬೆನ್ನೂರಿನಲ್ಲಿ. ಅಣ್ಣ ಧಾರವಾಡದಲ್ಲಿದ್ದಾನೆ, ತಂಗಿ ಪಾಲು ಕೇಳುತ್ತಾಳೆ. ಧಾರವಾಡ ಎಂದು ಬರೆದವರು ಅಣ್ಣನ ಮನೆ ನೋಡಿದರು, ಪ್ರಾರ್ಥನೆ ನೋಡಲಿಲ್ಲ. ಕೇಳಿರುವುದು ಪಾಲು, ಆದ್ದರಿಂದ 16. ಆಸ್ತಿ ಎರಡು ಕಡೆ ಇದೆ, ಆದ್ದರಿಂದ 17. ಹಾವೇರಿ ಅಥವಾ ರಾಣೆಬೆನ್ನೂರು, ಎರಡರಲ್ಲಿ ಒಂದು ಕಡೆ ಹೂಡಿದರೆ ಸಾಕು, ಎರಡೂ ಹೊಲ ಅದರಲ್ಲೇ ಬರುತ್ತವೆ. ಆದರೆ ದಾವೆಯ ಇಡೀ ಬೆಲೆ ಆ ಕೋರ್ಟಿನ ಮಿತಿಯೊಳಗಿರಬೇಕು.