ಕ್ರಿಮಿಯಾ ಯುದ್ಧದಿಂದ ಸ್ವೆಟರಿಗೆ ಬಂದ ಹೆಸರುಗಳು

ಉಲ್ಲನ್ ಹೆಣಿಗೆಯ ಪ್ಯಾಟರ್ನ್ ಓದುವವರಿಗೆ ರ್‍ಯಾಗ್ಲನ್, ಕಾರ್ಡಿಗನ್, ಬಾಲಕ್ಲಾವಾ ಎಂಬ ಮಾತುಗಳು ಪದೇ ಪದೇ ಎದುರಾಗುತ್ತವೆ. ಮೂರಕ್ಕೂ 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದ ನಂಟಿದೆ. ಎರಡು ಬ್ರಿಟಿಷ್ ಸೇನಾಧಿಕಾರಿಗಳ ಹೆಸರು, ಒಂದು ಊರಿನ ಹೆಸರು. ಯಾವ ಅಗತ್ಯಕ್ಕೆ ಆ ಉಡುಪು ಹುಟ್ಟಿತೆಂದು ತಿಳಿದರೆ, ಅದರಲ್ಲಿ ಎಲ್ಲಿ ಎಚ್ಚರವಾಗಿರಬೇಕೆಂಬುದೂ ತಿಳಿಯುತ್ತದೆ.

ಲಾರ್ಡ್ ರ್‍ಯಾಗ್ಲನ್ 1815ರ ವಾಟರ್ಲೂ ಕಾಳಗದಲ್ಲಿ ಬಲಗೈ ಕಳೆದುಕೊಂಡವರು. ಕ್ರಿಮಿಯಾದಲ್ಲಿ ಬ್ರಿಟಿಷ್ ಸೇನೆಯ ದಂಡನಾಯಕರು. ಅವರ ಹೆಸರು ಹೊತ್ತ ತೋಳು ಭುಜದ ತುದಿಯಲ್ಲಿ ನಿಲ್ಲುವುದಿಲ್ಲ, ಕಂಕುಳಿನಿಂದ ಕುತ್ತಿಗೆಯವರೆಗೆ ಓರೆಯಾಗಿ ಏರುತ್ತದೆ. ಭುಜದ ಅಳತೆಯೇ ಬೇಡವಾದ್ದರಿಂದ ಬೆಳೆಯುವ ಮಕ್ಕಳ ಸ್ವೆಟರಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸವಿಲ್ಲ. ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವಾಗ ಕುಣಿಕೆಗಳ ಮೂರನೇ ಒಂದು ಪಾಲು ಮುಂಭಾಗಕ್ಕೆ, ಅಷ್ಟೇ ಬೆನ್ನಿಗೆ, ಆರನೇ ಒಂದು ಪಾಲು ಒಂದೊಂದು ತೋಳಿಗೆ. 72 ಕುಣಿಕೆ ಹಾಕಿದ್ದರೆ 24, 24, 12, 12. ಭಾಗಗಳ ನಡುವಿನ ನಾಲ್ಕು ಗೆರೆಗಳಲ್ಲೂ ಮಾರ್ಕರ್ (ಕಡ್ಡಿಗೆ ಹಾಕುವ ಗುರುತಿನ ಉಂಗುರ) ಇಟ್ಟು, ಎರಡು ಸುತ್ತಿಗೊಮ್ಮೆ ಪ್ರತಿ ಗೆರೆಯ ಎರಡೂ ಬದಿ ಒಂದೊಂದು, ಒಟ್ಟು 8 ಕುಣಿಕೆ ಹೆಚ್ಚಿಸಬೇಕು. ಬೇಗ ಮುಗಿಯಲೆಂದು ಪ್ರತಿ ಸುತ್ತಿಗೂ ಹೆಚ್ಚಿಸುವವರಿದ್ದಾರೆ. ಆಗ ಎದೆಯ ಅಗಲ ಬೇಗ ತುಂಬುತ್ತದೆ, ಆದರೆ ಕಂಕುಳಿಗೆ ಬೇಕಾದ ಆಳ ಇನ್ನೂ ಬಂದಿರುವುದಿಲ್ಲ. ಹಾಕಿಕೊಂಡರೆ ತೋಳಿನ ಬುಡ ಹಿಡಿಯುತ್ತದೆ. ಕುಣಿಕೆ ಎತ್ತರಕ್ಕಿಂತ ಅಗಲ ಹೆಚ್ಚು ಎಂಬುದೇ ಇದಕ್ಕೆ ಕಾರಣ. ಇಂಚಿಗೆ 5 ಕುಣಿಕೆ ಬರುವ ಉಲ್ಲನ್ನಿನಲ್ಲಿ ಸಾಲುಗಳು ಸುಮಾರು 7 ಬರುತ್ತವೆ.

ಇದೇ ಲೆಕ್ಕ ಕಾರ್ಡಿಗನ್ನಿಗೂ ಬೇಕು. ಕಾರ್ಡಿಗನ್ನಿನ ಏಳನೇ ಅರ್ಲ್, 1854ರಲ್ಲಿ ಬಾಲಕ್ಲಾವಾದಲ್ಲಿ ಲಘು ಅಶ್ವದಳವನ್ನು ಮುನ್ನಡೆಸಿದವರು. ಮುಂದೆ ತೆರೆದು ಗುಂಡಿ ಹಾಕುವ ಉಡುಪಿನಲ್ಲಿ ಕೆಡುವುದು ಗುಂಡಿಪಟ್ಟಿಯೇ. ಅಂಚಿನುದ್ದಕ್ಕೂ ಹೊಸ ಕುಣಿಕೆ ಎತ್ತಿಕೊಳ್ಳುವಾಗ ನಾಲ್ಕು ಸಾಲಿಗೆ ಮೂರು ಸಾಕು. ಪ್ರತಿ ಸಾಲಿಗೂ ಎತ್ತಿದರೆ ಪಟ್ಟಿ ಅಲೆಯಲೆಯಾಗುತ್ತದೆ, ಎರಡಕ್ಕೊಂದು ಎತ್ತಿದರೆ ಸುಕ್ಕುಗಟ್ಟಿ ಮೇಲಕ್ಕೆಳೆಯುತ್ತದೆ.

ಬಾಲಕ್ಲಾವಾ ಕ್ರಿಮಿಯಾದ ಬಂದರು. ಅಲ್ಲಿನ ಚಳಿಗೆ ಬ್ರಿಟಿಷ್ ಸೈನಿಕರಿಗೆ ಊರಿನಿಂದ ಉಲ್ಲನ್ ಟೋಪಿಗಳು ಹೋದವು. ಟೋಪಿಗೆ ಆ ಹೆಸರು ಅಂಟಿದ್ದು ಯುದ್ಧ ಮುಗಿದು ಕೆಲವು ದಶಕಗಳಾದ ಮೇಲೆ. ನಮ್ಮಲ್ಲಿ ಅದು ಮಂಕಿ ಕ್ಯಾಪ್. ಕುತ್ತಿಗೆಗೆ 2 ನಿಟ್ (ನೇರ ಕುಣಿಕೆ), 2 ಪರ್ಲ್ (ಉಲ್ಟಾ ಕುಣಿಕೆ) ಸರದಿಯಂತೆ ಬರುವ ರಿಬ್, ಅಂದರೆ ಹಿಗ್ಗುವ ಗೆರೆಗೆರೆ ಹೆಣಿಗೆ, ಹೆಣೆಯಿರಿ. ಸುತ್ತಿನಲ್ಲಿ ಹೆಣೆಯುವುದಾದರೆ ಕುಣಿಕೆಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ಇಡೀ ತಲೆ ಕುತ್ತಿಗೆಯ ಅಂಚಿನಿಂದಲೇ ತೂರಬೇಕಾದ್ದರಿಂದ ಅಲ್ಲಿ ಮುಚ್ಚುವ ಸಾಲು ಬಿಗಿಯಾದರೆ ಟೋಪಿ ಇಳಿಯುವುದೇ ಇಲ್ಲ. ಟೋಪಿಯನ್ನು 4 ಮಿ.ಮೀ. ಕಡ್ಡಿಯಲ್ಲಿ ಹೆಣೆದಿದ್ದರೆ ಮುಚ್ಚಲು 5 ಮಿ.ಮೀ. ಕಡ್ಡಿ ಹಿಡಿಯಿರಿ. ಕಡ್ಡಿ ಕೊಳ್ಳುವಾಗ ಒಂದು ಎಚ್ಚರ: ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ನಂಬರುಗಳು ಇನ್ನೂ ಇವೆ, ಅದರಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ. ಬ್ರಿಟಿಷ್ 8 ಎಂದರೆ 4 ಮಿ.ಮೀ., ಅಮೆರಿಕದ 8 ಎಂದರೆ 5 ಮಿ.ಮೀ. ಮಿಲಿಮೀಟರನ್ನೇ ನಂಬಿ.

ಎರಡು ಕಡ್ಡಿಗಳ ಮೇಲಿರುವ ಕುಣಿಕೆಗಳನ್ನು ಸೂಜಿಯಿಂದ ಕೂಡಿಸುವ ಕಿಚನರ್ ಹೊಲಿಗೆ ಬೇರೊಂದು ಯುದ್ಧದ್ದು. 1902ರಿಂದ 1909ರವರೆಗೆ ಭಾರತದ ಸೇನೆಯ ಮುಖ್ಯಸ್ಥರಾಗಿದ್ದ ಲಾರ್ಡ್ ಕಿಚನರ್ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ಯುದ್ಧ ಸಚಿವರು. ಈ ಹೊಲಿಗೆಯನ್ನು ಅವರೇ ಕಂಡುಹಿಡಿದರೆಂಬ ಮಾತಿಗೆ ಆಧಾರವಿಲ್ಲ, ವಿಧಾನ ಅದಕ್ಕಿಂತ ಹಳೆಯದು. ಕಾಲುಚೀಲದ ತುದಿಯಲ್ಲಿ ದಪ್ಪ ಹೊಲಿಗೆಯಿದ್ದರೆ ಬೂಟಿನೊಳಗೆ ಬೆರಳು ಉಜ್ಜಿ ಹುಣ್ಣಾಗುತ್ತದೆ. ಇದರಲ್ಲಿ ಹೊಲಿಗೆಯ ಗುರುತೇ ಉಳಿಯುವುದಿಲ್ಲ.

ಎರಡು ಕಡ್ಡಿಗಳಲ್ಲೂ ಒಂದೇ ಸಂಖ್ಯೆಯ ಕುಣಿಕೆ ಇಟ್ಟು, ಒಳಮೈ ಒಳಗಾಗುವಂತೆ ಜೋಡಿಸಿ ಹಿಡಿಯಿರಿ. ಹೊಲಿಯುವ ಅಗಲದ ನಾಲ್ಕರಷ್ಟು ಎಳೆ ಬಿಟ್ಟು ಮೊಂಡುತುದಿಯ ಸೂಜಿಗೆ ಪೋಣಿಸಿ. ಮೊದಲು ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ಪರ್ಲ್ ದಿಕ್ಕಿನಲ್ಲಿ (ಪರ್ಲ್ ಹೆಣೆಯುವಾಗ ಕಡ್ಡಿ ತೂರಿಸುವಂತೆ), ಹಿಂದಿನದಕ್ಕೆ ನಿಟ್ ದಿಕ್ಕಿನಲ್ಲಿ (ನಿಟ್ ಹೆಣೆಯುವಾಗ ತೂರಿಸುವಂತೆ) ಸೂಜಿ ತೂರಿಸಿ, ಎರಡನ್ನೂ ಕಡ್ಡಿಯಲ್ಲೇ ಬಿಡಿ. ಆಮೇಲೆ ಮುಂದೆ: ನಿಟ್ ದಿಕ್ಕಿನಲ್ಲಿ ತೂರಿಸಿ ಆ ಕುಣಿಕೆ ಇಳಿಸಿ, ಪಕ್ಕದ್ದಕ್ಕೆ ಪರ್ಲ್ ದಿಕ್ಕಿನಲ್ಲಿ ತೂರಿಸಿ ಉಳಿಸಿ. ಹಿಂದೆ: ಪರ್ಲ್ ದಿಕ್ಕಿನಲ್ಲಿ ತೂರಿಸಿ ಇಳಿಸಿ, ಪಕ್ಕದ್ದಕ್ಕೆ ನಿಟ್ ದಿಕ್ಕಿನಲ್ಲಿ ತೂರಿಸಿ ಉಳಿಸಿ. ಹೀಗೇ ಕೊನೆಯವರೆಗೆ. ಎಳೆ ಯಾವಾಗಲೂ ಕಡ್ಡಿಗಳ ಕೆಳಗಿಂದಲೇ ಬರಲಿ, ಮೇಲಿಂದ ಬಂದರೆ ಇಲ್ಲದ ಕುಣಿಕೆಯೊಂದು ಹುಟ್ಟಿಕೊಳ್ಳುತ್ತದೆ. ಮುಗಿಯುವವರೆಗೆ ಸಡಿಲವಾಗಿಯೇ ಬಿಟ್ಟು, ಆಮೇಲೆ ಮೊದಲಿಂದ ಒಂದೊಂದನ್ನೇ ಸೂಜಿಯ ತುದಿಯಿಂದ ಎಳೆದು ಸಮ ಮಾಡಿ. ರಿಬ್ಬಿಗೆ ಮಾತ್ರ ಈ ಹೊಲಿಗೆ ಬೇಡ: ಎದುರುಬದುರು ದಿಕ್ಕಿನಲ್ಲಿ ಹೆಣೆದ ಎರಡು ರಿಬ್ ತುಂಡುಗಳನ್ನು ಕೂಡಿಸಿದರೆ ಗೆರೆಗಳು ಅರ್ಧ ಕುಣಿಕೆಯಷ್ಟು ಪಕ್ಕಕ್ಕೆ ಸರಿದು ಕಾಣುತ್ತವೆ.