ಅಕ್ಕಿಕಾಳು ಹಿಡಿದದ್ದು ಶಟರ್ ಅಲ್ಲ

ಗಂಗಾವತಿ ಕಡೆಯ ಮದುವೆಯಲ್ಲಿ ಅಕ್ಕಿಕಾಳಿಗೇನು ಬರ? ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸೋನಾ ಮಸೂರಿ ಹಂದರದ ನಾಲ್ಕೂ ದಿಕ್ಕಿನಿಂದ ಹಿಡಿಹಿಡಿಯಾಗಿ ತೂರಿ ಬರುತ್ತದೆ. ಆ ಗಳಿಗೆಯ ಫೋಟೊ ಹಿಡಿಯಲು ನಾನು ಮೊದಲ ಸಲ ನಿಂತದ್ದು ಚಿಗವ್ವನ ಮಗಳ ಮದುವೆಯಲ್ಲಿ. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಅದೂ ಕಡ ತಂದದ್ದು. ಮೇಲೆ ಹಳೇ ಮ್ಯಾನ್ಯುಯಲ್ ಫ್ಲಾಶ್. ಕಾಳು ಜೋರಾಗಿ ಓಡುತ್ತವೆ, ಹಾಗಾಗಿ ಶಟರೂ ಜೋರಾಗಿ ಓಡಬೇಕು ಅಂತ ಲೆಕ್ಕ ಹಾಕಿ 1/500 ಸೆಕೆಂಡಿಗೆ ಇಟ್ಟೆ.

ಕ್ಯಾಮೆರಾದ ಸ್ಕ್ರೀನಿನಲ್ಲಿ ನೋಡಿದರೆ ಬಾಸಿಂಗ, ಇಬ್ಬರ ಮುಖ, ಗಾಳಿಯಲ್ಲಿ ನಿಂತ ಕಾಳು ಎಲ್ಲ ಸರಿಯಿವೆ. ಎದೆಯಿಂದ ಕೆಳಗೆ ಮಾತ್ರ ಕಪ್ಪು. ಗೆರೆ ಹೊಡೆದಂತೆ ಅರ್ಧ ಫೋಟೊ ಇಲ್ಲ.

“ನಮ್ಮ ಹುಡಿಗಿ ಕೈ ಎಲ್ಲಿ ಹೋದುವಪಾ?” ಅಂದಳು ಚಿಗವ್ವ.

ಇಂಥ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಸೆನ್ಸರಿನ ಮುಂದೆ ಎರಡು ಪರದೆಗಳಿರುತ್ತವೆ, ಶಟರ್ ಅಂದರೆ ಇವೇ. ಮೊದಲನೆಯದು ಕೆಳಗೆ ಸರಿದು ಸೆನ್ಸರನ್ನು ತೆರೆಯುತ್ತದೆ, ಎರಡನೆಯದು ಅದರ ಬೆನ್ನಿಗೆ ಬಂದು ಮುಚ್ಚುತ್ತದೆ. ಪರದೆ ಸೆನ್ಸರನ್ನು ದಾಟಲು ಸೆಕೆಂಡಿನ ಸುಮಾರು 300ರಲ್ಲಿ ಒಂದು ಭಾಗ ಬೇಕು. ನಾವು ಡಯಲ್ ಎಷ್ಟೇ ತಿರುಗಿಸಿದರೂ ಈ ಓಟದ ವೇಗ ಹೆಚ್ಚುವುದಿಲ್ಲ. ಹಾಗಾದರೆ 1/500 ಹೇಗೆ ಸಾಧ್ಯ? ಮೊದಲನೆಯದು ಗುರಿ ಮುಟ್ಟುವ ಮುಂಚೆಯೇ ಎರಡನೆಯದು ಹೊರಡುತ್ತದೆ. ಸೆನ್ಸರ್ ಒಮ್ಮೆಗೇ ಪೂರ್ತಿ ತೆರೆದುಕೊಳ್ಳುವುದೇ ಇಲ್ಲ, ಅದರ ಮೇಲೆ ಒಂದು ಸೀಳು ಸರಿದು ಹೋಗುತ್ತದೆ, ಅಷ್ಟೇ. ಬಿಸಿಲಿದ್ದರೆ ತೊಂದರೆಯಿಲ್ಲ, ಪ್ರತಿ ಸಾಲಿಗೂ ಅದರ ಪಾಲಿನ ಬೆಳಕು ಸಿಗುತ್ತದೆ. ಫ್ಲಾಶ್ ಹಾಗಲ್ಲ. ಮೊದಲ ಪರದೆ ಕೊನೆ ಮುಟ್ಟಿದಾಗ ಒಂದೇ ಸಲ ಮಿಂಚುತ್ತದೆ. ಅಷ್ಟರಲ್ಲಿ ಎರಡನೆಯದು ಸೆನ್ಸರಿನ ಮೇಲರ್ಧ ಮುಚ್ಚಿಬಿಟ್ಟಿತ್ತು. ಲೆನ್ಸು ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಸೆನ್ಸರಿನ ಮೇಲರ್ಧ ಅಂದರೆ ಫೋಟೊದ ಕೆಳಗಿನರ್ಧ. ಮದುಮಗಳ ಕೈ ಹೋದದ್ದು ಅಲ್ಲಿಗೆ.

ಸೆನ್ಸರ್ ಒಂದೇ ಏಟಿಗೆ ಪೂರ್ತಿ ತೆರೆದಿರುವ ಅತಿ ವೇಗದ ಮಿತಿಗೆ ಸಿಂಕ್ ಸ್ಪೀಡ್ ಅನ್ನುತ್ತಾರೆ. ಸಾಮಾನ್ಯವಾಗಿ 1/200 ಅಥವಾ 1/250. ಕ್ಯಾಮೆರಾಕ್ಕೆ ಪರಿಚಯವಿರುವ ಹೊಸ ಫ್ಲಾಶ್ ಹಾಕಿದರೆ ಕ್ಯಾಮೆರಾ ತಾನೇ ಅಲ್ಲಿಗೆ ತಡೆಯುತ್ತದೆ. ನನ್ನ ಹಳೇ ಫ್ಲಾಶಿನ ಗುರುತೇ ಅದಕ್ಕಿರಲಿಲ್ಲ.

“1/200ಕ್ಕ ಇಟ್ರ ಕಾಳು ಮಸುಕಾಗೂದಿಲ್ಲೇನ್ರೀ?” ಅಂತ ಕೊಪ್ಪಳದ ಸ್ಟುಡಿಯೊದವರನ್ನು ಕೇಳಿದೆ.

“ತಮ್ಮಾ, ಕಾಳು ಹಿಡಿಯೂದು ಶಟರ್ ಅಲ್ಲ, ಫ್ಲಾಶ್” ಅಂದರು.

ನಂಬಿಕೆ ಬರಲಿಲ್ಲ, ಲಗ್ನಪತ್ರಿಕೆಯ ಹಿಂದೆ ಲೆಕ್ಕ ಬರೆದೆ. ಚೌಕಟ್ಟಿನಲ್ಲಿ ಹಿಡಿಸಿದ ಜಾಗದ ಅಗಲ 3 ಮೀಟರ್ ಅನ್ನಿ. 24 ಮೆಗಾಪಿಕ್ಸೆಲ್ ಅಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಪಿಕ್ಸೆಲ್. ಒಂದು ಪಿಕ್ಸೆಲಿನ ಪಾಲಿಗೆ ಬರುವುದು ಅರ್ಧ ಮಿಲಿಮೀಟರ್, 5 ಮಿ.ಮೀ. ಉದ್ದದ ಕಾಳಿಗೆ 10 ಪಿಕ್ಸೆಲ್. ಸೆಕೆಂಡಿಗೆ 3 ಮೀಟರ್ ವೇಗದ ಕಾಳು 1/200 ಸೆಕೆಂಡಿನಲ್ಲಿ 15 ಮಿ.ಮೀ. ಸರಿಯುತ್ತದೆ. ಬರೀ ಶಟರ್ ನಂಬಿದ್ದರೆ ಕಾಳಿನ ಬದಲು ಶಾವಿಗೆ ಎಳೆ ಬರುತ್ತಿತ್ತು. ಆದರೆ ಫ್ಲಾಶಿನ ಝೆನಾನ್ ಕೊಳವೆ ಅಷ್ಟು ಹೊತ್ತು ಉರಿಯುವುದೇ ಇಲ್ಲ. ಪೂರ್ತಿ ಶಕ್ತಿಯಲ್ಲಿ ಸುಮಾರು 1/1000 ಸೆಕೆಂಡು. ಶಕ್ತಿ ತಗ್ಗಿಸಿದರೆ ವಿದ್ಯುತ್ತನ್ನು ನಡುವೆಯೇ ಕತ್ತರಿಸುವುದರಿಂದ 1/10000ಕ್ಕೂ ಇಳಿಯುತ್ತದೆ. ಅಷ್ಟರಲ್ಲಿ ಕಾಳು ಸರಿಯುವುದು 0.3 ಮಿ.ಮೀ., ಒಂದು ಪಿಕ್ಸೆಲಿಗಿಂತ ಕಮ್ಮಿ! ಉಳಿದ ಹೊತ್ತು ಶಟರ್ ತೆರೆದೇ ಇದ್ದರೂ ಹಂದರದ ಮಂದ ಬೆಳಕು ಗುರುತು ಮೂಡಿಸುವುದಿಲ್ಲ. ಹಗಲು ಬಯಲಿನಲ್ಲಿ ಈ ಆಟ ನಡೆಯದು.

ಇದೇ ಲೆಕ್ಕ ಮೆಗಾಪಿಕ್ಸೆಲ್ ಹುಚ್ಚನ್ನೂ ಬಿಡಿಸಿತು. 12ರಿಂದ 24ಕ್ಕೆ ಹೋದರೆ ಚಿತ್ರ ಇಮ್ಮಡಿ ಚೊಕ್ಕ ಆಗುವುದಿಲ್ಲ. ಪಿಕ್ಸೆಲ್ ಅಡ್ಡಕ್ಕೂ ಉದ್ದಕ್ಕೂ ಹಂಚಿಹೋಗುವುದರಿಂದ ಅಡ್ಡಕ್ಕೆ ಹೆಚ್ಚುವುದು 1.4 ಪಟ್ಟು ಮಾತ್ರ. 15 ಮಿ.ಮೀ. ಎಳೆದ ಕಾಳನ್ನು ಹೆಚ್ಚು ಪಿಕ್ಸೆಲ್ ಇನ್ನಷ್ಟು ನಿಖರವಾಗಿ ಎಳೆದಂತೆಯೇ ತೋರಿಸುತ್ತದೆ. 1975ರಲ್ಲಿ ಕೊಡ್ಯಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಜೋಡಿಸಿದ ಡಿಜಿಟಲ್ ಕ್ಯಾಮೆರಾದಲ್ಲಿದ್ದದ್ದು 100×100, ಅಂದರೆ 10,000 ಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ನಮ್ಮ ಹಂದರ ಅದರಲ್ಲಿ ಹಿಡಿಸಿದ್ದರೆ ಒಂದೊಂದು ಪಿಕ್ಸೆಲ್ 3 ಸೆಂ.ಮೀ. ಅಗಲ, ಅದರೊಳಗೆ ಹಿಡಿ ಅಕ್ಕಿಯೇ ಅಡಗಬಹುದಿತ್ತು. ಇನ್ನು 200 ಮೆಗಾಪಿಕ್ಸೆಲ್ ಫೋನುಗಳು ಮಂದ ಬೆಳಕಿನಲ್ಲಿ 16 ಪಿಕ್ಸೆಲ್ ಕೂಡಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತವೆ. ಅವುಗಳ ಫ್ಲಾಶ್ ಎಲ್‌ಇಡಿ ದೀಪ. ಅದು ಮಿಂಚುವುದಿಲ್ಲ, ಉರಿಯುತ್ತದೆ. ಓಡುವ ಕಾಳು ಅದಕ್ಕೆ ಸಿಕ್ಕದು.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದೂರದ ತೇರಿಗೆ ಫೋನಿನ ಫ್ಲಾಶ್ ಹೊಡೆಯುವವರನ್ನು ಕಂಡರೆ ನನಗೆ ನಗು. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. 3 ಮೀಟರಿನ ಬೆಳಕು 30 ಮೀಟರಿನಲ್ಲಿ ನೂರರಲ್ಲಿ ಒಂದು ಪಾಲು. ಬೆಳಗುವುದು ಮುಂದೆ ನಿಂತವರ ಹಿಂದಲೆ.

ಚಿಗವ್ವನ ಫೋಟೊ ಕೊನೆಗೆ ಉಳಿಸಿಕೊಟ್ಟದ್ದೂ ಆ ಸ್ಟುಡಿಯೊದವರೇ. ಕಪ್ಪು ಅರ್ಧ ಕತ್ತರಿಸಿದರು. ಉಳಿದದ್ದು 6000×2000, ಅಂದರೆ 12 ಮೆಗಾಪಿಕ್ಸೆಲ್. 18 ಇಂಚು ಅಗಲ, 6 ಇಂಚು ಎತ್ತರದ ಪಟ್ಟಿಯಾಗಿ ಆಲ್ಬಮ್ಮಿನ ಪುಟದುದ್ದಕ್ಕೂ ಅಚ್ಚಾಯಿತು, ಇಂಚಿಗೆ 333 ಪಿಕ್ಸೆಲ್ ಲೆಕ್ಕದಲ್ಲಿ. ಅಳಿಯನ ಮೂಗಿನ ಹತ್ತಿರ ನಿಂತ ಒಂದು ಕಾಳಿನ ಮುರಿದ ತುದಿಯೂ ಕಾಣುತ್ತದೆ. “ನುಚ್ಚಕ್ಕಿ ಯಾರ ತಂದಿದ್ರು?” ಅಂತ ಚಿಗವ್ವ ಇನ್ನೂ ಕೇಳುತ್ತಾಳೆ.